ಗರ್ಭಕೋಶದ ಒಳಪದರದಲ್ಲಿ ಇನ್ಫೆಕ್ಷನ್ ಅಂದ್ರಾ? ಮಾತ್ರೆಗೆ ಮೊದಲು ಟೆಸ್ಟ್ ಆಗಲಿ

ವರ್ತೂರು: ಸ್ಕ್ಯಾನಿಂಗ್‌ನಲ್ಲಿ ಏನೂ ತೊಂದರೆ ಇಲ್ಲ, ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿದೆ, ಗಂಡನ ರಿಪೋರ್ಟ್ ಕೂಡ ನಾರ್ಮಲ್. ಆದ್ರೂ ಗರ್ಭ ನಿಲ್ಲುತ್ತಿಲ್ಲ. ಕೆಲವರಿಗೆ ಎರಡು ಮೂರು ಸಲ ಐವಿಎಫ್ ಮಾಡಿಸಿದರೂ ಫಲ ಸಿಕ್ಕಿರುವುದಿಲ್ಲ. ಇಂಥವರಿಗೆ ಡಾಕ್ಟರು ಹೇಳಬಹುದಾದ ಒಂದು ಕಾರಣ ‘ಕ್ರಾನಿಕ್ ಎಂಡೊಮೆಟ್ರೈಟಿಸ್’. ಅಂದರೆ ಗರ್ಭಕೋಶದ ಒಳಪದರದಲ್ಲಿ ಬಹಳ ದಿನದಿಂದ ಉಳಿದುಕೊಂಡ ಉರಿಯೂತ. ಇದಕ್ಕೆ ಆಂಟಿಬಯಾಟಿಕ್ ಮಾತ್ರೆ ಇದೆ. ಆದರೆ ಮಕ್ಕಳಾಗದ ಎಲ್ಲರಿಗೂ ಆ ಮಾತ್ರೆ ಅಲ್ಲ.

ಏನಿದು ಕಾಯಿಲೆ?

ಹೆರಿಗೆ ಅಥವಾ ಗರ್ಭಪಾತದ ನಂತರ ಜ್ವರ, ಹೊಟ್ಟೆನೋವು, ವಾಸನೆಯ ಸ್ರಾವ ಬಂದರೆ ಅದು ತಕ್ಷಣದ ಸೋಂಕು, ಕೂಡಲೇ ಗೊತ್ತಾಗುತ್ತದೆ. ಇದು ಹಾಗಲ್ಲ. ಬಹಳಷ್ಟು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ. ಕೆಲವರಿಗೆ ಮುಟ್ಟಿನ ಮಧ್ಯೆ ಸ್ವಲ್ಪ ರಕ್ತ, ಬಿಳಿ ಸೆರಗು, ಕಿಬ್ಬೊಟ್ಟೆಯಲ್ಲಿ ಸಣ್ಣ ನೋವು ಇರಬಹುದು ಅಷ್ಟೇ.

ಭ್ರೂಣ ಬಂದು ಅಂಟಿಕೊಳ್ಳಬೇಕಾದ ಜಾಗವೇ ಈ ಒಳಪದರ. ತಿಂಗಳಲ್ಲಿ ಕೆಲವೇ ದಿನ ಅದು ಭ್ರೂಣವನ್ನು ಹಿಡಿದುಕೊಳ್ಳಲು ತಯಾರಿರುತ್ತದೆ. ಉರಿಯೂತ ಇದ್ದರೆ ಆ ತಯಾರಿ ಕೆಡುತ್ತದೆ ಎಂಬುದು ತಜ್ಞರ ವಿವರಣೆ. ಹೆಸರು ಹತ್ತಿರ ಇದ್ದರೂ ‘ಎಂಡೊಮೆಟ್ರಿಯೋಸಿಸ್’ ಬೇರೆ ಕಾಯಿಲೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಪತ್ತೆ ಹೇಗೆ?

ರಕ್ತ ಪರೀಕ್ಷೆ, ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಇದು ಖಚಿತವಾಗುವುದಿಲ್ಲ. ಹಿಸ್ಟರೋಸ್ಕೋಪಿ ಅಂದರೆ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ನೋಡುತ್ತಾರೆ. ಒಳಪದರ ಕೆಂಪಾಗಿದೆಯಾ, ಊದಿದೆಯಾ, ಚಿಕ್ಕ ಚಿಕ್ಕ ಗುಳ್ಳೆಗಳಂಥ ಬೆಳವಣಿಗೆ ಇದೆಯಾ ಅಂತ ಪರಿಶೀಲಿಸುತ್ತಾರೆ. ಜೊತೆಗೆ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಲ್ಯಾಬ್‌ನಲ್ಲಿ ಹುಡುಕುವುದು ‘ಪ್ಲಾಸ್ಮಾ ಸೆಲ್’ ಎಂಬ ಕಣಗಳನ್ನು. ‘ಸಿಡಿ 138’ ಎಂಬ ವಿಶೇಷ ಬಣ್ಣ ಹಾಕಿದರೆ ಅವು ಚೆನ್ನಾಗಿ ಕಾಣುತ್ತವೆ. ಎಷ್ಟು ಕಣ ಕಂಡರೆ ಕಾಯಿಲೆ ಅನ್ನಬೇಕು ಎಂಬುದಕ್ಕೆ ಇಡೀ ಜಗತ್ತಿಗೆ ಒಂದೇ ಲೆಕ್ಕ ಇನ್ನೂ ಇಲ್ಲ. ಹಾಗಾಗಿ ಒಂದು ಲ್ಯಾಬ್‌ನಲ್ಲಿ ‘ಇದೆ’ ಅಂತ ಬಂದದ್ದು ಇನ್ನೊಂದರಲ್ಲಿ ‘ಇಲ್ಲ’ ಅಂತ ಬರಬಹುದು.

ಯಾವ ಔಷಧಿ, ಎಷ್ಟು ದಿನ?

ಸಾಮಾನ್ಯವಾಗಿ ಮೊದಲು ಕೊಡುವುದು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 14 ದಿನ. ಅದರಿಂದ ಹೋಗದಿದ್ದರೆ ಸಿಪ್ರೊಫ್ಲಾಕ್ಸಾಸಿನ್ ಮತ್ತು ಮೆಟ್ರೋನಿಡಜೋಲ್ ಜೊತೆಯಾಗಿ ಕೊಡುವುದುಂಟು. ಕೋರ್ಸ್ ಮುಗಿದ ಮೇಲೆ ಮತ್ತೆ ಬಯಾಪ್ಸಿ ಮಾಡಿ, ಉರಿಯೂತ ಹೋಗಿದೆಯಾ ಅಂತ ನೋಡಬೇಕು. ಹಲವರು ಬಿಟ್ಟುಬಿಡುವುದು ಈ ಹಂತವನ್ನೇ.

ಇದು ಯಾಕೆ ಮುಖ್ಯ ಅನ್ನುವುದಕ್ಕೆ ಇಟಲಿಯ ಬಾರಿ ನಗರದಲ್ಲಿ ಎತ್ತೋರೆ ಚಿಚಿನೆಲ್ಲಿ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಪದೇಪದೇ ಐವಿಎಫ್ ಸೋತ 106 ಮಹಿಳೆಯರಲ್ಲಿ 61 ಮಂದಿಗೆ ಬಯಾಪ್ಸಿಯಲ್ಲಿ ಕಾಯಿಲೆ ಖಚಿತವಾಯಿತು. ಆಂಟಿಬಯಾಟಿಕ್ ಬಳಿಕ 46 ಮಂದಿಗೆ ಉರಿಯೂತ ಹೋಯಿತು, 15 ಮಂದಿಗೆ ಉಳಿಯಿತು. ಮುಂದಿನ ಐವಿಎಫ್‌ನಲ್ಲಿ ವಾಸಿಯಾದವರ ಪೈಕಿ ಶೇ 60.8 ಮಂದಿಗೆ ಮಗುವಾಯಿತು. ವಾಸಿಯಾಗದವರಲ್ಲಿ ಶೇ 13.3 ಮಾತ್ರ.

ಅಂಕಿ ಕೇಳಿ ಖುಷಿಯಾಗುತ್ತದೆ. ಆದರೆ ಅದು ಚಿಕ್ಕ ಗುಂಪು. ಅಲ್ಲಿ ಹೋಲಿಸಿದ್ದು ವಾಸಿಯಾದವರನ್ನು ವಾಸಿಯಾಗದವರ ಜೊತೆ, ಮಾತ್ರೆ ತಗೊಂಡವರನ್ನು ತಗೊಳ್ಳದವರ ಜೊತೆ ಅಲ್ಲ. ಅದಕ್ಕೇ ಯುರೋಪಿನ ಬಂಜೆತನ ತಜ್ಞರ ಸಂಸ್ಥೆ ಎಶ್ರೆ 2023ರ ಸಲಹೆಯಲ್ಲಿ ಈ ಪರೀಕ್ಷೆ ಮತ್ತು ಚಿಕಿತ್ಸೆಯನ್ನು ‘ಪರಿಗಣಿಸಬಹುದು’ ಅಂತ ಹೇಳಿದೆಯೇ ಹೊರತು ‘ಮಾಡಲೇಬೇಕು’ ಅಂದಿಲ್ಲ.

ನಮ್ಮಲ್ಲಿ ಟಿಬಿಯನ್ನೂ ಮರೆಯಬಾರದು

ನಮ್ಮ ದೇಶದಲ್ಲಿ ಗರ್ಭನಾಳ, ಗರ್ಭಕೋಶದ ಕ್ಷಯವೂ ಮಕ್ಕಳಾಗದಿರಲು ಒಂದು ಕಾರಣ. ಅದಕ್ಕೆ 14 ದಿನದ ಮಾತ್ರೆ ಸಾಲದು, ಕನಿಷ್ಠ 6 ತಿಂಗಳ ಟಿಬಿ ಔಷಧಿ ಬೇಕು. ಹಾಗಂತ ಪಿಸಿಆರ್ ಟೆಸ್ಟ್ ಒಂದೇ ಪಾಸಿಟಿವ್ ಬಂತು ಅಂತ ಟಿಬಿ ಔಷಧಿ ಶುರು ಮಾಡುವುದೂ ಸರಿಯಲ್ಲ. ಅಷ್ಟು ಸಾಕ್ಷ್ಯ ಸಾಲದು ಎಂದು ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತದೆ. ಟಿಬಿ ಖಚಿತವಾದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ.

ಮೆಡಿಕಲ್ ಶಾಪ್‌ನವರೂ ಗಮನಿಸಿ

‘ಪಕ್ಕದ ಮನೆಯವಳಿಗೆ ಇದೇ ಮಾತ್ರೆಯಿಂದ ಗರ್ಭ ನಿಂತಿತು, ನಂಗೂ ಒಂದು ಸ್ಟ್ರಿಪ್ ಕೊಡಿ’ ಅಂತ ಯಾರಾದರೂ ಕೇಳಿದರೆ ಕೊಡಬೇಡಿ. ಪ್ಯಾಕೆಟ್ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಬೇಕೇ ಬೇಕು. ಮುಖ್ಯ ಟಿಬಿ ಔಷಧಿಗಳು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1ರಲ್ಲಿವೆ. ಅವುಗಳಿಗೆ ಪ್ರತ್ಯೇಕ ರಿಜಿಸ್ಟರ್ ಬರೆದು 3 ವರ್ಷ ಇಡಬೇಕು. ಅರ್ಧಂಬರ್ಧ ತಗೊಂಡರೆ ಕ್ರಿಮಿಗೆ ಔಷಧಿ ನಾಟದೇ ಹೋಗುವ ಅಪಾಯ ಬೇರೆ.

ಮಾತ್ರೆ ತಗೊಳ್ಳುವವರಿಗೆ

* ಡಾಕ್ಸಿಸೈಕ್ಲಿನ್ ತಗೊಂಡಾಗ ದೊಡ್ಡ ಲೋಟ ನೀರು ಕುಡಿಯಿರಿ, ತಕ್ಷಣ ಮಲಗಬೇಡಿ. ಅನ್ನನಾಳ ಉರಿಯುತ್ತದೆ.
* ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಜೊತೆಗೇ ನುಂಗಬೇಡಿ. ಎರಡು ಮೂರು ಗಂಟೆ ಅಂತರ ಇರಲಿ. ಹಾಲಿನ ಜೊತೆಯೂ ಬೇಡ.
* ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಜೋಪಾನ.
* ಗರ್ಭಿಣಿಯರಿಗೆ ಈ ಔಷಧಿ ಸಾಮಾನ್ಯವಾಗಿ ಕೊಡುವುದಿಲ್ಲ. ಮುಟ್ಟು ತಡವಾಗಿದ್ದರೆ ಮೊದಲೇ ಹೇಳಿ.

ಕ್ಲಿನಿಕ್‌ನಲ್ಲಿ ಏನು ಕೇಳಬೇಕು?

ಐವಿಎಫ್ ಮಾಡುವ ಕ್ಲಿನಿಕ್ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿ ಆಗಿರಬೇಕು, ಸರ್ಟಿಫಿಕೇಟ್ ತೋರಿಸಿ ಅನ್ನಿ. ಬಯಾಪ್ಸಿ ಯಾಕೆ ಬೇಕು, ಹಿಸ್ಟರೋಸ್ಕೋಪಿಗೂ ಸಿಡಿ 138ಕ್ಕೂ ಬೇರೆ ಬೇರೆ ಎಷ್ಟಾಗುತ್ತದೆ, ಟಿಬಿಗೆ ಪರೀಕ್ಷೆ ಆಗಿದೆಯಾ, ಕೋರ್ಸ್ ನಂತರ ಮತ್ತೆ ಟೆಸ್ಟ್ ಯಾವಾಗ ಎಂದು ಕೇಳಿ. ರಿಪೋರ್ಟ್‌ಗಳ ಕಾಪಿ ನಿಮ್ಮ ಹತ್ತಿರವೇ ಇರಲಿ. ದುಡ್ಡಿನ ಚಿಂತೆ ಇದ್ದವರು ಶಿವಾಜಿನಗರದ ಬೌರಿಂಗ್ ಅಥವಾ ವಾಣಿ ವಿಲಾಸ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಮೊದಲು ವಿಚಾರಿಸಬಹುದು.

ಇನ್ನೊಂದು ಮಾತು. ಗಂಡನ ವೀರ್ಯ ಪರೀಕ್ಷೆ ಸುಲಭ, ಖರ್ಚೂ ಕಡಿಮೆ. ಅದು ಆಗದೇ ಹೆಂಡತಿಯನ್ನು ಹಿಸ್ಟರೋಸ್ಕೋಪಿ ಟೇಬಲ್ ಮೇಲೆ ಮಲಗಿಸುವುದು ನ್ಯಾಯವಲ್ಲ.