ಕೈ ಹಿಡಿದು ಕಲಿಸಿದ ಗಾನ

ಸಂಗೀತವು ಕಿವಿಯ ವಿದ್ಯೆಯೆಂದು ಹೇಳುವುದು ವಾಡಿಕೆ. ಆ ಮಾತು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಹಾಡುವವನ ಮಾತು ಹಾಗಿರಲಿ, ಬಾರಿಸುವವನಿಗಾದರೋ ಅದು ಮೊದಲು ಕೈಯ ವಿದ್ಯೆ. ಬೆರಳಿಗೆ ತಿಳಿಯದ ಸ್ವರವು ಕಿವಿಗೆ ತಿಳಿದೂ ಫಲವಿಲ್ಲ.

ನನ್ನ ಪರಿಚಯದ ವಿದ್ಯಾರ್ಥಿಯೊಬ್ಬನು, ಗಿಟಾರ ವಾದ್ಯವನ್ನು ಎರಡು ದಿನಗಳ ಶಿಬಿರದಲ್ಲಿ ಕೈಯಾರೆ ಕಲಿಸಿಕೊಡುವರೆಂದು ಕೇಳಿ, ಹೋಗಬಹುದೇ ಎಂದು ನನ್ನನ್ನು ವಿಚಾರಿಸಿದ್ದನು. ಧಾರಾಳವಾಗಿ ಹೋಗು ಎಂದೆ. ಎರಡು ದಿನದಲ್ಲಿ ವಾದ್ಯವು ಬಾರದಿದ್ದರೂ ಬಲ್ಲವನ ಕೈ ಹೇಗೆ ಕುಳಿತಿರುತ್ತದೆಂಬುದನ್ನು ಕಂಡು ಬರಬಹುದು. ಆದರೆ ಅದಕ್ಕೂ ಮೊದಲು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಒಂದು ದಿನ ಹೋಗಿ ಸುಮ್ಮನೆ ಕುಳಿತು ಬಾ ಎಂದೂ ಹೇಳಿದೆ. ಕಲಿಸುವವನಿಗೂ ಕಣ್ಣಿಲ್ಲದೆ ಕಲಿಯುವವನಿಗೂ ಕಣ್ಣಿಲ್ಲದೆ ವಿದ್ಯೆಯು ದಾಟಿ ಹೋಗುವ ಬಗೆಯನ್ನು ನೋಡಬೇಕಾದರೆ ಅದಕ್ಕಿಂತ ಮಿಗಿಲಾದ ಸ್ಥಳವನ್ನು ನಾನು ಕಂಡಿಲ್ಲ.

ಹಾರ್ಮೋನಿಯಮ್ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಅದರ ಕರಿಯ ಮನೆಗಳು ಎರಡರ ಗುಂಪು, ಮೂರರ ಗುಂಪು, ಹೀಗೆ ಎದ್ದು ನಿಂತಿರುತ್ತವೆ. ಈ ಉಬ್ಬುಗಳೇ ಕುರುಡು ಬಾಲಕನಿಗೆ ಊರಿನ ಓಣಿಗಳು. ಎರಡರ ಗುಂಪನ್ನು ತಡವಿ ಅದರ ಎಡಕ್ಕೆ ಇಳಿದರೆ ಇಂಥ ಸ್ವರ, ಮೂರರ ಗುಂಪಿನ ಬಲಕ್ಕೆ ಇಳಿದರೆ ಇಂಥದು. ನಮ್ಮ ಗವಾಯಿಗಳು ಶ್ರುತಿಯನ್ನು ‘ಕರಿ ಎರಡು’, ‘ಬಿಳಿ ನಾಲ್ಕು’ ಎಂದು ಹೆಸರಿಸುತ್ತಾರೆ. ಹುಟ್ಟಿದಾರಭ್ಯ ಕಪ್ಪನ್ನೂ ಬಿಳುಪನ್ನೂ ಕಾಣದ ಹುಡುಗನು ‘ನನ್ನದು ಕರಿ ಎರಡು’ ಎಂದು ಸಹಜವಾಗಿ ಹೇಳುವುದನ್ನು ಕೇಳಿದಾಗ ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಅವನ ಪಾಲಿಗೆ ಕರಿಯೆಂದರೆ ಬಣ್ಣವಲ್ಲ. ಬೆರಳಿಗೆ ಎತ್ತರವಾಗಿ ಸಿಗುವ ಮನೆ. ತಬಲಾದಲ್ಲಿಯೂ ಹೀಗೆಯೇ. ನಡುವಣ ಕರಣೆಯ ಅಂಚಿಗೆ ಉಂಗುರದ ಬೆರಳನ್ನು ಊರಿ, ತೋರು ಬೆರಳಿನಿಂದ ಹೊರ ಅಂಚನ್ನು ಹೊಡೆದಾಗ ‘ನಾ’ ಎಂಬ ನಾದವು ಹುಟ್ಟುತ್ತದೆ. ಇದನ್ನು ಬಾಯಿಂದ ಎಷ್ಟು ವಿವರಿಸಿದರೂ ವ್ಯರ್ಥ. ಗುರುವು ಶಿಷ್ಯನ ಬೆರಳನ್ನು ಹಿಡಿದು ಆ ಅಂಚಿನ ಮೇಲೆ ಇಡಲೇಬೇಕು.

ಈ ಪರಂಪರೆಯ ಮೂಲಪುರುಷರು ಪಂಚಾಕ್ಷರಿ ಗವಾಯಿಗಳು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಅವರು ಹುಟ್ಟು ಕುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯವು ದೊರೆಯದಿದ್ದರೆ ಅವರ ಬಾಳು ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಗುವಿಗೆ ಭಿಕ್ಷೆಯ ಹೊರತು ಬೇರೆ ದಾರಿ ಹೆಚ್ಚಾಗಿ ಇರಲಿಲ್ಲ. ಸ್ವಾಮಿಗಳು ಅವರನ್ನು ಕರ್ನಾಟಕ ಸಂಗೀತದ ಅಭ್ಯಾಸಕ್ಕಾಗಿ ಮೈಸೂರಿಗೆ ಕಳುಹಿಸಿದರು. ಹಿಂದುಸ್ತಾನಿಯನ್ನು ಅವರು ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದ್ ಖಾನರಿಂದ ಪಡೆದರು. ಜನರು ಅವರನ್ನು ‘ಉಭಯಗಾನ ವಿಶಾರದ’ರೆಂದು ಕರೆದದ್ದು ಬರಿಯ ಹೊಗಳಿಕೆಯಲ್ಲ. ಕಲಿತ ವಿದ್ಯೆಯನ್ನು ಅವರು ಊರೂರು ತಿರುಗುವ ಪಾಠಶಾಲೆಯಾಗಿಸಿದರು. ಶಿಷ್ಯರನ್ನೂ ವಾದ್ಯಗಳನ್ನೂ ಕಟ್ಟಿಕೊಂಡು ನಡೆದ ಆ ಶಾಲೆಯು ಕೊನೆಗೆ ಗದಗಿನಲ್ಲಿ ನೆಲೆ ನಿಂತಿತು. ಗವಾಯಿಗಳು 1944ರಲ್ಲಿ ತೀರಿಕೊಂಡರು.

ಅವರ ಬಳಿಕ ಭಾರವನ್ನು ಹೊತ್ತವರು ಪುಟ್ಟರಾಜ ಗವಾಯಿಗಳು. ಹುಟ್ಟಿದ್ದು 1914ರಲ್ಲಿ, ಶೈಶವದಲ್ಲಿಯೇ ದೃಷ್ಟಿ ಹೋಯಿತು. ಮೂವತ್ತರ ಹರೆಯದಲ್ಲಿ ಆಶ್ರಮವನ್ನು ವಹಿಸಿಕೊಂಡು 2010ರವರೆಗೆ, ಅಂದರೆ 66 ವರ್ಷ, ಅದನ್ನು ನಡೆಸಿದರು. ಹಾರ್ಮೋನಿಯಮ್, ಪಿಟೀಲು, ಸಾರಂಗಿ, ತಬಲಾ, ಯಾವುದನ್ನು ಮುಟ್ಟಿದರೂ ಅದು ಅವರದಾಗುತ್ತಿತ್ತು. ಕನ್ನಡ, ಸಂಸ್ಕೃತ, ಹಿಂದಿ ಈ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಪದ್ಮಭೂಷಣವೂ ಬಂತು. ಆದರೆ ನನಗೆ ಹೆಚ್ಚು ಮಹತ್ತ್ವದ್ದೆಂದು ತೋರುವ ಸಂಗತಿ ಬೇರೆ. ನೂರಾರು ಮಕ್ಕಳಿಗೆ ಎರಡು ಹೊತ್ತು ರೊಟ್ಟಿ ಹಾಕುವುದು ರಾಗವಿಸ್ತಾರದಿಂದ ಆಗುವ ಕೆಲಸವಲ್ಲ. ಅವರು ನಾಟಕ ಸಂಘವನ್ನು ಕಟ್ಟಿ ಅದರ ಗಳಿಕೆಯನ್ನು ಆಶ್ರಮಕ್ಕೆ ಸುರಿದರು. ಕಂಪನಿ ನಾಟಕವೆಂದರೆ ಮೂಗು ಮುರಿಯುವ ನಮ್ಮ ಸಾಹಿತಿಗಳು, ಆ ಬಣ್ಣದ ಪರದೆಗಳು ಎಷ್ಟು ಕುರುಡು ಮಕ್ಕಳ ಹೊಟ್ಟೆಯನ್ನು ತುಂಬಿದವೆಂಬುದನ್ನು ಒಮ್ಮೆ ನೆನೆಯಬೇಕು.

ಕಣ್ಣುಳ್ಳವರೂ ಈ ಪರಂಪರೆಗೆ ಬಂದರು. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಎಂ. ವೆಂಕಟೇಶಕುಮಾರರು ಪುಟ್ಟರಾಜರ ಬಳಿ 12 ವರ್ಷ ಆಶ್ರಮವಾಸಿಯಾಗಿದ್ದು ಕಲಿತವರು.

ಇಲ್ಲಿ ಕಡಲಾಚೆಯ ಒಬ್ಬನು ನೆನಪಾಗುತ್ತಾನೆ. ಅಮೇರಿಕೆಯ ನೀಗ್ರೋ ಗುಲಾಮರ ಸಂತತಿಯವರು ಹತ್ತಿಯ ಹೊಲಗಳ ದುಃಖದಿಂದ ಕಟ್ಟಿದ ಹಾಡಿಗೆ ಬ್ಲೂಸ್ ಎಂದು ಹೆಸರು. ಹತ್ತಿಯ ಸೀಮೆಯವರಾದ ನಮಗೆ ಅದರ ಮಣ್ಣಿನ ವಾಸನೆ ಅಷ್ಟೇನೂ ಅಪರಿಚಿತವಲ್ಲ. ಆ ಪರಂಪರೆಯಲ್ಲಿ ಗ್ಯಾರಿ ಡೇವಿಸ್ ಎಂಬ ಗಿಟಾರ ವಾದಕನಿದ್ದನು. ಹುಟ್ಟಿದ್ದು 1896ರಲ್ಲಿ, ನಮ್ಮ ಗವಾಯಿಗಳಿಗಿಂತ ನಾಲ್ಕು ವರ್ಷ ಚಿಕ್ಕವನು. ಅವನೂ ಎಳವೆಯಲ್ಲಿಯೇ ಕುರುಡನಾದವನು. ಅವನೂ ದೇವರ ಸೇವೆಗೆ ನಿಂತು ಪಾದ್ರಿಯಾದವನು. ನ್ಯೂಯಾರ್ಕಿನ ಹಾರ್ಲೆಮ್ ಬೀದಿಗಳಲ್ಲಿ ನಿಂತು ಹಾಡಿ ಜೀವಿಸಿದನು. ಬಲಗೈಯ ಹೆಬ್ಬೆರಳು, ತೋರು ಬೆರಳು ಇವೆರಡರಿಂದಲೇ ಅವನು ಹೊರಡಿಸುತ್ತಿದ್ದ ನಾದವನ್ನು ಕೇಳಿದವರು ಇಬ್ಬರು ಬಾರಿಸುತ್ತಿರುವರೆಂದು ಭ್ರಮಿಸಬೇಕು. 1950 ಮತ್ತು 60ರ ದಶಕಗಳಲ್ಲಿ ಬಿಳಿಯರ ಮನೆಯ ತರುಣರು ಅವನ ಮನೆಗೆ ಹೋಗಿ ಎದುರಿಗೆ ಕುಳಿತು ಪಾಠ ಹೇಳಿಸಿಕೊಂಡರು. ಅವರಲ್ಲೊಬ್ಬನಾದ ಸ್ಟೀಫನ್ ಗ್ರಾಸ್‌ಮನ್ ಮುಂದೆ ಆ ಪಾಠಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟನು. ಡೇವಿಸ್ 1972ರಲ್ಲಿ ನಿಧನ ಹೊಂದಿದನು. ಹಾರ್ಲೆಮ್ಮಿಗೂ ಗದಗಿಗೂ ಯಾವ ಪತ್ರವ್ಯವಹಾರವೂ ಇರಲಿಲ್ಲ. ಆದರೂ ಕುರುಡ ಗುರುವಿನ ಮುಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತ ಶಿಷ್ಯನ ಚಿತ್ರವು ಎರಡೂ ಕಡೆ ಒಂದೇ.

ನಾದದಲ್ಲಿಯೂ ನಂಟುಂಟು. ಬ್ಲೂಸ್ ಹಾಡುವವನು ಗಾಂಧಾರವನ್ನು ಕೋಮಲದಲ್ಲಿಯೂ ನಿಲ್ಲಿಸನು, ಶುದ್ಧದಲ್ಲಿಯೂ ನಿಲ್ಲಿಸನು. ಎರಡರ ನಡುವೆ ತೂಗಿಸುತ್ತಾನೆ. ಗಿಟಾರದ ತಂತಿಯನ್ನು ಬೆರಳಿನಿಂದ ಎಳೆದೋ ಗಾಜಿನ ಕೊಳವೆಯನ್ನು ಜಾರಿಸಿಯೋ ಅದನ್ನು ಸಾಧಿಸುತ್ತಾನೆ. ನಮ್ಮ ಮೀಂಡವೂ ಇಂಥ ಜಾರುವಿಕೆಯೇ. ಆದ್ದರಿಂದಲೇ ವಿಶ್ವಮೋಹನ ಭಟ್ಟರು ತಮ್ಮ ಮೋಹನವೀಣೆಯೊಡನೆ ಅಮೇರಿಕೆಯ ರೈ ಕೂಡರ್ ಜೊತೆ ಕುಳಿತಾಗ ಅಪರಿಚಿತರ ಭೇಟಿಯಾಗಲಿಲ್ಲ. 1993ರಲ್ಲಿ ಹೊರಬಂದ ಆ ಧ್ವನಿಮುದ್ರಿಕೆಗೆ ಮರುವರ್ಷ ಗ್ರ್ಯಾಮಿ ಪಾರಿತೋಷಕವು ದೊರೆಯಿತು. ಹಾರ್ಮೋನಿಯಮ್ಮಿಗೆ ಈ ಜಾರುವಿಕೆ ಸಾಧ್ಯವಿಲ್ಲ. ಅದಕ್ಕಾಗಿಯೇ ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಮೊದಲ ದಿನವೇ ಮಗುವಿನ ಬೆರಳಿಗೆ ನಂಬಿಕೆಯ ಸ್ವರವನ್ನು ಕೊಡುವ ವಾದ್ಯ ಅದು. ಪಿಟೀಲಿನಲ್ಲಿ ಮನೆಗಳೇ ಇಲ್ಲ, ಅಲ್ಲಿ ಮಗು ತಡಕಾಡಬೇಕು.

ಇಷ್ಟೆಲ್ಲ ಕಲಿತವರು ಎಲ್ಲಿಗೆ ಹೋಗುತ್ತಾರೆ? ಎಲ್ಲರೂ ರಾಜಗುರುಗಳಾಗುವುದಿಲ್ಲ. ಶ್ರಾವಣದಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆ ತಿರುಗಾಡಿದವರಿಗೆ ಉತ್ತರ ಗೊತ್ತು. ಮಠಗಳಲ್ಲಿ, ಹಳ್ಳಿಯ ಗುಡಿಗಳಲ್ಲಿ ತಿಂಗಳುಗಟ್ಟಲೆ ಪುರಾಣ ನಡೆಯುತ್ತದೆ. ಶಾಸ್ತ್ರಿಗಳು ಅರ್ಥ ಹೇಳುವರು, ಗವಾಯಿಯು ಪದ್ಯವನ್ನು ರಾಗದಲ್ಲಿ ಹಾಡುವನು, ಪಕ್ಕದಲ್ಲಿ ತಬಲಜಿ. ಒಕ್ಕಲಿಗನು ಭೀಮಪಲಾಸವನ್ನು ಹೆಸರು ತಿಳಿಯದೆಯೇ ಗುರುತಿಸುವಂತಾದದ್ದು ಈ ಪುರಾಣಗಳ ದೆಸೆಯಿಂದ. ಪುಣ್ಯಾಶ್ರಮದಲ್ಲಿ ಕಲಿತ ಅನೇಕರ ವರ್ಷದ ಅನ್ನವೂ ಬಹುಮಟ್ಟಿಗೆ ಆ ತಿಂಗಳಲ್ಲಿಯೇ ಅಡಗಿದೆ.

ಮುಂಡರಗಿಯ ಕಡೆಯ ಹಳ್ಳಿಯೊಂದರಲ್ಲಿ ಈಚೆಗೆ ನಾನು ಪುರಾಣಕ್ಕೆ ಹೋಗಿದ್ದೆ. ತಬಲಜಿಯ ಜಾಗದಲ್ಲಿ ವಿದ್ಯುತ್ತಿನ ತಾಳದ ಪೆಟ್ಟಿಗೆಯೊಂದು ಕುಳಿತಿತ್ತು. ಖರ್ಚು ಕಡಿಮೆಯೆಂದು ಪಂಚರು ಹೇಳಿದರು. ಗವಾಯಿಯು ಆಲಾಪದಲ್ಲಿ ಸ್ವಲ್ಪ ತಡೆದರೆ ಪೆಟ್ಟಿಗೆ ತಡೆಯುತ್ತಿರಲಿಲ್ಲ. ಅವನು ಓಡೋಡಿ ಬಂದು ಸಮಕ್ಕೆ ಕೂಡುತ್ತಿದ್ದನು. ಹಿಂದಿನ ವರ್ಷದವರೆಗೆ ಅಲ್ಲಿ ಬಾರಿಸಿದ್ದ ಕುರುಡ ತಬಲಜಿಯು ಜನರ ನಡುವೆ ಕಂಬಕ್ಕೆ ಒರಗಿ ಕುಳಿತಿದ್ದನು. ಅವನ ಬಲಗೈ ಮೊಣಕಾಲಿನ ಮೇಲೆ ಠೇಕಾ ಹಾಕುತ್ತಿತ್ತು. ಗವಾಯಿ ತಡೆದಲ್ಲೆಲ್ಲ ಆ ಕೈಯೂ ತಡೆಯುತ್ತಿತ್ತು.