ಯಾರೂ ಕೇಳದೆ ಬಿಟ್ಟ ಒಂದು ಪ್ರಶ್ನೆ

ದೊಡ್ಡಪ್ಪನ ಕೆಮ್ಮು ಶುರುವಾದಾಗ ನಾನು ಪಿಯುಸಿಯಲ್ಲಿದ್ದೆ. ಮನೆಯವರೆಲ್ಲ ‘ಮೊದ್ಲು ಆ ಬೀಡಿ ಬಿಡು’ ಎಂದರು. ಬಿಟ್ಟ. ಕೆಮ್ಮು ಮಾತ್ರ ಅವನನ್ನು ಬಿಡಲಿಲ್ಲ. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ನೋಡಿ ಕ್ಷಯ ಎಂದರು. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದ. ಏದುಸಿರು ಕಡಿಮೆಯಾಗಲಿಲ್ಲ. ಮತ್ತೊಂದು ಕಡೆ ತೋರಿಸಿದೆವು, ಮತ್ತೆ ಅದೇ ಮಾತ್ರೆ. ‘ಸರಿಯಾಗಿ ಮಾತ್ರೆ ತಗೊಂಡಿಲ್ಲ’ ಎಂಬ ಬೈಗುಳ ಬೇರೆ.

ಕಳೆದ ವರ್ಷ ಇನ್ನೊಂದು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ನನಗಿಂತ ಐದಾರು ವರ್ಷ ದೊಡ್ಡವರಿರಬಹುದಾದ ವೈದ್ಯೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು: ‘ಏನ್ ಕೆಲ್ಸ ಮಾಡ್ತಿದ್ರಿ ಯಜಮಾನ್ರೇ?’

‘ಕಲ್ಲಿನ ಕೆಲ್ಸ ಮೇಡಂ. ಮೊದ್ಲು ಕ್ವಾರಿ, ಆಮೇಲೆ ಕ್ರಷರ್. ಇಪ್ಪತ್ತೆರಡು ವರ್ಷ ಆತು.’

ಮೂರು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಅವರು. ಉಳಿದ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಚೀಟಿಯಲ್ಲಿ ಬರೆದ ಹೆಸರು ಸಿಲಿಕೋಸಿಸ್.

ನಮ್ಮೂರು ಸಂಗನಕಲ್ಲು, ಬಳ್ಳಾರಿಯ ಮಗ್ಗುಲಲ್ಲೇ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಹೆಸರು ಗೊತ್ತಿರುತ್ತದೆ. ಇದು ನವಶಿಲಾಯುಗದ ನೆಲೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿನ ಹಿರೇಗುಡ್ಡದಲ್ಲಿ ಕಲ್ಲಿನ ಕೊಡಲಿಗಳು ತಯಾರಾಗುತ್ತಿದ್ದವು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಹೋದರೆ ಅವನ್ನು ನೋಡಬಹುದು. ಆಗಲೂ ನಮ್ಮೂರಿನವರು ಕಲ್ಲು ಒಡೆಯುತ್ತಿದ್ದರು, ಈಗಲೂ ಒಡೆಯುತ್ತಾರೆ. ಆದರೆ ಎರಡು ವ್ಯತ್ಯಾಸಗಳಿವೆ. ಆ ಕೊಡಲಿಗಳು ಡಾಲರೈಟ್ ಎಂಬ ಕಪ್ಪು ಕಲ್ಲಿನವು. ಅದರಲ್ಲಿ ಸ್ಫಟಿಕ ರೂಪದ ಸಿಲಿಕಾ ಬಹಳ ಕಡಿಮೆ. ಇಂದು ಜಲ್ಲಿಯಾಗುವ ಗ್ರಾನೈಟ್‌ನಲ್ಲಿ ಅದು ಧಾರಾಳ. ಜೊತೆಗೆ, ಕೈಯಲ್ಲಿ ಒಡೆದಾಗ ಏಳುವ ಧೂಳಿಗೂ ಯಂತ್ರ ಇಡೀ ದಿನ ಅರೆದಾಗ ಏಳುವ ಧೂಳಿಗೂ ಹೋಲಿಕೆಯೇ ಇಲ್ಲ.

ಕಣ್ಣಿಗೆ ಕಾಣುವ ಧೂಳು ಅಷ್ಟು ಅಪಾಯಕಾರಿಯಲ್ಲ. ಮೂಗು, ಗಂಟಲು ಅದನ್ನು ಬಹುಪಾಲು ತಡೆಯುತ್ತವೆ. ಐದು ಮೈಕ್ರಾನ್‌ಗಿಂತ ಸಣ್ಣ ಕಣ, ಅಂದರೆ ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಸಣ್ಣದು, ನೇರ ಶ್ವಾಸಕೋಶದ ಗಾಳಿಚೀಲಕ್ಕೆ ಇಳಿಯುತ್ತದೆ. ಅದನ್ನು ನುಂಗಲು ಬರುವ ರಕ್ಷಣಾ ಕೋಶಗಳೇ ಸಾಯುತ್ತವೆ. ಸತ್ತ ಜಾಗದಲ್ಲಿ ಗಾಯ, ಗಾಯ ಮಾಗಿದಲ್ಲಿ ಗಂಟು. ಹೀಗೆ ಮೃದುವಾದ ಶ್ವಾಸಕೋಶ ನಿಧಾನಕ್ಕೆ ಗಟ್ಟಿಯಾಗುತ್ತದೆ. ಇದನ್ನು ಗುಣಪಡಿಸುವ ಔಷಧವಿಲ್ಲ. ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣಬಹುದು. ಸಾಲದ್ದಕ್ಕೆ ಸಿಲಿಕೋಸಿಸ್ ಇದ್ದವರಿಗೆ ನಿಜವಾದ ಕ್ಷಯವೂ ಬೇಗ ಅಂಟುತ್ತದೆ. ದೊಡ್ಡಪ್ಪ ಮುಖಕ್ಕೆ ಸುತ್ತಿಕೊಳ್ಳುತ್ತಿದ್ದ ಟವೆಲ್ಲು ಇಷ್ಟು ಸಣ್ಣ ಕಣವನ್ನು ತಡೆಯುವಂಥದ್ದಲ್ಲ.

ಆ ವೈದ್ಯೆ ಕೇಳಿದ ಪ್ರಶ್ನೆಗೆ ಮುನ್ನೂರು ವರ್ಷಗಳ ಇತಿಹಾಸವಿದೆ ಎಂದು ಆಮೇಲೆ ಓದಿ ತಿಳಿದೆ. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝಿನಿ ಕೆಲಸಗಾರರ ಕಾಯಿಲೆಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ರೋಗಿಗೆ ಕೇಳುವ ಪ್ರಶ್ನೆಗಳ ಜೊತೆ ‘ನಿನ್ನ ಕೆಲಸವೇನು’ ಎಂಬುದನ್ನೂ ಸೇರಿಸಿ ಎಂದು ವೈದ್ಯರಿಗೆ ಹೇಳಿದ್ದರು. ಕಲ್ಲುಕುಟಿಗರ ಶ್ವಾಸಕೋಶದ ಪಾಡನ್ನೂ ಅದರಲ್ಲಿ ಬರೆದಿದ್ದಾರೆ.

ನಮ್ಮ ರಾಜ್ಯಕ್ಕೂ ಈ ಕಾಯಿಲೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಸಿಲಿಕೋಸಿಸ್ ಇರುವುದು 1940ರ ದಶಕದಲ್ಲೇ ವರದಿಯಾಗಿತ್ತು. ಜೀನ್ಸ್ ಹೊಲಿಯುವ ಊರಾದ ಬಳ್ಳಾರಿಯವರು ಟರ್ಕಿಯ ಕತೆಯನ್ನೂ ತಿಳಿದಿರಬೇಕು. ಅಲ್ಲಿ ಹೊಸ ಜೀನ್ಸ್‌ಗೆ ಹಳತಿನ ಮಾಸಲು ಬಣ್ಣ ಬರಿಸಲು ಮರಳನ್ನು ರಭಸದಿಂದ ಚಿಮ್ಮಿಸುತ್ತಿದ್ದರು. ಆ ಕೆಲಸಕ್ಕಿದ್ದವರಲ್ಲಿ ಬಹಳಷ್ಟು ಮಂದಿ ಹಳ್ಳಿಗಳಿಂದ ಬಂದ ನಮ್ಮ ವಯಸ್ಸಿನ ಹುಡುಗರು. ಕೆಲವೇ ವರ್ಷಗಳಲ್ಲಿ ಸಿಲಿಕೋಸಿಸ್‌ನಿಂದ ಸಾಯತೊಡಗಿದರು. 2009ರಲ್ಲಿ ಟರ್ಕಿ ಆ ವಿಧಾನವನ್ನೇ ನಿಷೇಧಿಸಿತು. ಕೋಲಾರವಾಗಲಿ, ಟರ್ಕಿಯಾಗಲಿ, ಕಾಯಿಲೆ ಹುಡುಕಿಕೊಂಡು ಹೋದದ್ದು ಬೇರೆ ಕೆಲಸ ಸಿಗದವರನ್ನು.

ಕಾಯಿಲೆ ಎಂದರೆ ಕ್ರಿಮಿ, ಇಲ್ಲವೇ ಕೆಟ್ಟ ಅಭ್ಯಾಸ ಎಂದು ನಾವು ಅಂದುಕೊಳ್ಳುತ್ತೇವೆ. ‘ಬೀಡಿ ಬಿಡು’ ಎನ್ನುವುದು ಸುಲಭ, ತಪ್ಪೂ ಅಲ್ಲ. ಆದರೆ ‘ಕ್ರಷರ್ ಬಿಡು’ ಎಂದು ದೊಡ್ಡಪ್ಪನಿಗೆ ಯಾರೂ ಹೇಳಲಿಲ್ಲ. ಬಿಟ್ಟರೆ ಒಲೆ ಉರಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹೊಲವಿಲ್ಲ, ಓದು ನಾಲ್ಕನೇ ಕ್ಲಾಸು. ಅವನ ಕಾಯಿಲೆಗೆ ಸಿಲಿಕಾ ಎಷ್ಟು ಕಾರಣವೋ ಇವೂ ಅಷ್ಟೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ್ದ ಆಯೋಗ 2008ರಲ್ಲಿ ಕೊಟ್ಟ ವರದಿಯ ಸಾರವೂ ಇದೇ: ಜನ ಹುಟ್ಟುವ, ಬೆಳೆಯುವ, ದುಡಿಯುವ ಪರಿಸ್ಥಿತಿ ಸರಿಹೋಗದೆ ಆರೋಗ್ಯದ ಅಸಮಾನತೆ ಹೋಗದು.

ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಅನ್ನು ವೈದ್ಯರು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿಟ್ಟಿತ್ತು. ಜಲ್ಲಿ ಕ್ರಷರ್‌ಗಳ ನಿಯಂತ್ರಣಕ್ಕೆಂದೇ ಕರ್ನಾಟಕ 2011ರಲ್ಲಿ ಕಾಯ್ದೆ ತಂದಿದೆ. ನೀರು ಸಿಂಪಡಿಸಬೇಕು, ಗಾಳಿ ತಡೆಯುವ ಗೋಡೆ ಕಟ್ಟಬೇಕು, ಗಿಡ ಬೆಳೆಸಬೇಕು ಎಂಬ ನಿಯಮಗಳಿವೆ. ಪರಿಹಾರವೂ ಉಂಟು. ಆದರೆ ಪರಿಹಾರ ಕೇಳಲು ಇಂಥಲ್ಲಿ ದುಡಿದೆ ಎಂಬ ದಾಖಲೆ ಬೇಕು. ದೊಡ್ಡಪ್ಪನ ಬಳಿ ಒಂದು ಸಂಬಳದ ಚೀಟಿಯೂ ಇಲ್ಲ. ಶನಿವಾರ ಸಂಜೆ ಕೈಗೆ ಬಟವಾಡೆ, ಅಷ್ಟೇ. ಅವನು ದುಡಿದ ಎರಡು ಕ್ರಷರ್‌ಗಳಲ್ಲಿ ಒಂದು ಈಗ ಇಲ್ಲವೇ ಇಲ್ಲ.

ಇನ್ನು ನನ್ನ ವಿಷಯ. ನಾನು ಓದುತ್ತಿರುವುದು ಸಿವಿಲ್. ಎಂ20 ಕಾಂಕ್ರೀಟ್ ಎಂದರೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಅರ್ಧಕ್ಕಿಂತ ಹೆಚ್ಚು ಜಲ್ಲಿಯೇ. ಈಗ ಮರಳಿನ ಜಾಗದಲ್ಲೂ ಕ್ರಷರ್‌ನಿಂದ ಬರುವ ಎಂ-ಸ್ಯಾಂಡ್. ಜಲ್ಲಿಯ ಗಾತ್ರ, ಗಡಸುತನ, ನೀರು ಹೀರುವ ಪ್ರಮಾಣ ಎಲ್ಲವನ್ನೂ ಲ್ಯಾಬಿನಲ್ಲಿ ಪರೀಕ್ಷಿಸಿದ್ದೇವೆ. ಅದನ್ನು ಒಡೆದವರ ಬಗ್ಗೆ ಒಂದು ಪುಟವನ್ನೂ ಓದಿದ ನೆನಪಿಲ್ಲ. ನಾಳೆ ನಾನು ಸೈಟ್ ಎಂಜಿನಿಯರ್ ಆದರೆ ಜಲ್ಲಿಗೆ ಸಹಿ ಹಾಕುವವನು ನಾನೇ. ಕಡಿಮೆ ದರಕ್ಕೆ ಕೊಡುವವನು ಆ ಉಳಿತಾಯವನ್ನು ನೀರಿನ ಪೈಪಿನಲ್ಲಿ ಮಾಡಿದ್ದಾನೋ ಹೇಗೋ ಎಂದು ನೋಡುವುದೂ ನನ್ನ ಕೆಲಸವಲ್ಲವೇ?

ಗುಣವಾಗದ ಈ ಕಾಯಿಲೆಯನ್ನು ಬಾರದಂತೆ ತಡೆಯಬಹುದು. ಕಲ್ಲನ್ನು ಒದ್ದೆ ಮಾಡಿ ಕೊರೆದರೆ, ಅರೆಯುವ ಜಾಗಕ್ಕೆ ನೀರಿನ ತುಂತುರು ಹಾಯಿಸಿದರೆ, ಸಾಗಿಸುವ ಬೆಲ್ಟ್ ಮುಚ್ಚಿದರೆ ಧೂಳು ಹುಟ್ಟುವಲ್ಲೇ ಅಡಗುತ್ತದೆ. ಮಾಸ್ಕ್ ಬರುವುದು ಇವೆಲ್ಲ ಆದ ಮೇಲೆ. ಗಣಿ ಜಿಲ್ಲೆಯಾದ ನಮ್ಮಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಅದರ ಆದ್ಯತೆಗಳಲ್ಲಿ ಆರೋಗ್ಯವೂ ಒಂದು. ಕಲ್ಲಿನ ಕೆಲಸದವರಿಗೆಲ್ಲ ವರ್ಷಕ್ಕೊಮ್ಮೆ ಎಕ್ಸ್‌ರೇ ಮತ್ತು ಉಸಿರಾಟದ ಪರೀಕ್ಷೆ ಮಾಡಿಸಲು ಅದಕ್ಕಿಂತ ಸೂಕ್ತ ಹಣ ಯಾವುದು?

ನಮ್ಮಂಥ ವಿದ್ಯಾರ್ಥಿಗಳು ಮಾಡಬಹುದಾದದ್ದೂ ಇದೆ. ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ದಾಗ, ವೈದ್ಯರು ಕೇಳದಿದ್ದರೂ, ಯಾವ ಕೆಲಸ, ಎಷ್ಟು ವರ್ಷ ಎಂದು ನಾವೇ ಹೇಳೋಣ. ಚೀಟಿಯಲ್ಲಿ ಬರೆಸಿಕೊಳ್ಳೋಣ. ಇ-ಶ್ರಮ್ ನೋಂದಣಿಯಲ್ಲಿ ಸುಮ್ಮನೆ ‘ಕೂಲಿ’ ಎನ್ನದೆ ನಿಜವಾದ ಕೆಲಸವನ್ನೇ ತುಂಬಿಸೋಣ.

ಆ ವೈದ್ಯೆ ಕೊಟ್ಟ ಚೀಟಿಯಲ್ಲಿ ‘ಕ್ರಷರ್ ಕಾರ್ಮಿಕ, 22 ವರ್ಷ’ ಎಂದು ಬರೆದಿದೆ. ದೊಡ್ಡಪ್ಪನಿಗೆ ಓದಲು ಬಾರದು. ಒಂದು ಸಲ ನನ್ನಿಂದ ಓದಿಸಿ ಕೇಳಿಸಿಕೊಂಡ. ಈಗ ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದಾನೆ. ಅವನು ಅಷ್ಟು ವರ್ಷ ದುಡಿದ ಎಂದು ಹೇಳುವ ಕಾಗದ ನಮ್ಮ ಮನೆಯಲ್ಲಿ ಅದೊಂದೇ.