ಒಂದು ಮಗು, ಹಲವು ಕಚೇರಿ

ಅಂಕೋಲೆಯ ಒಳನಾಡಿನಲ್ಲಿ ಸೆರೆಬ್ರಲ್ ಪಾಲ್ಸಿಯೊಡನೆ ಅಪಸ್ಮಾರವನ್ನೂ ಮಾತಿನ ತೊಡಕನ್ನೂ ಹೊತ್ತು ಬೆಳೆಯುವ ಮಗುವೊಂದನ್ನು ಭಾವಿಸಿಕೊಂಡರೆ, ಅದರ ಪೋಷಣೆಯು ಒಬ್ಬ ವೈದ್ಯನಿಂದ ಆಗತಕ್ಕುದಲ್ಲವೆಂಬುದು ಸ್ವಯಂವೇದ್ಯವಾಗುತ್ತದೆ.

ಇಂಥ ಮಕ್ಕಳಿಗಾಗಿ ವ್ಯವಸ್ಥೆಗಳೇ ಇಲ್ಲವೆನ್ನಲಾಗದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ತಪಾಸಣೆ ನಡೆಸಿ, ಹೆಚ್ಚಿನ ಪರೀಕ್ಷೆ ಬೇಕಾದವರನ್ನು ಮೇಲಿನ ಆಸ್ಪತ್ರೆಗಳಿಗೆ ಕಳುಹಿಸುತ್ತವೆ. 21 ಬಗೆಯ ವೈಕಲ್ಯಗಳನ್ನು ಗುರುತಿಸುವ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು, ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. ಶಾಲೆಗೆ ಬರಲಾರದವರಿಗೆ ಗೃಹಾಧಾರಿತ ಶಿಕ್ಷಣವುಂಟು. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ವಿಮೆಯು ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವೀಯುತ್ತದೆ.

ಆದರೆ ಆರೋಗ್ಯ, ಶಿಕ್ಷಣ, ಕಲ್ಯಾಣ ಇಲಾಖೆಗಳು ಬೇರೆಬೇರೆಯಾಗಿರುವುದರಿಂದ, ಜಿಲ್ಲಾಸ್ಪತ್ರೆಯಿರುವ ಕಾರವಾರಕ್ಕೂ ತಾಲ್ಲೂಕು ಕಚೇರಿಗಳಿಗೂ ದಿನಗೂಲಿಯನ್ನು ಬಿಟ್ಟು ಅಲೆಯುವ ತಾಯಿಯೇ ಅವುಗಳ ನಡುವಣ ಏಕೈಕ ಸೇತುವೆಯಾಗಬೇಕಾಗುತ್ತದೆ. ಈ ಭಾರವನ್ನು ಹಗುರಗೊಳಿಸಬಲ್ಲವರು ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರು: ಗುರುತಿನ ಚೀಟಿಗೂ ಮಾಸಾಶನಕ್ಕೂ ಅರ್ಜಿ ಹಾಕಿಸುವವರು ಅವರೇ. ವೈದ್ಯರ ಸೂಚನೆ, ವ್ಯಾಯಾಮದ ಕ್ರಮ, ಶಿಕ್ಷಕರ ಟಿಪ್ಪಣಿಗಳೆಲ್ಲ ಒಂದೇ ಕಡತದಲ್ಲಿದ್ದು, ಅದನ್ನರಿತ ಒಬ್ಬರು ಹೊಣೆ ಹೊತ್ತರೆ, ಅದೇ ಪ್ರಶ್ನೆಗೆ ಪುನಃ ಪುನಃ ಉತ್ತರಿಸುವ ಕಷ್ಟ ತಪ್ಪೀತು.

ಮಗುವಿಗೆ 18 ತುಂಬಿದ ಮೇಲೆ ಪೋಷಕತ್ವದ ಪ್ರಶ್ನೆಯೇಳುತ್ತದೆ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ ಅದನ್ನು ನಿರ್ಣಯಿಸುವುದು ಜಿಲ್ಲಾಡಳಿತವನ್ನೊಳಗೊಂಡ ಸ್ಥಳೀಯ ಸಮಿತಿ. ಆದ್ದರಿಂದ ಅದಕ್ಕೆ ಬೇಕಾದ ಸಿದ್ಧತೆಯನ್ನು ಬಾಲ್ಯದಲ್ಲಿಯೇ ತೊಡಗುವುದು ವಿಹಿತ.